ಸೆಕೆಂಡ್ ಹ್ಯಾಂಡ್ ಚೈನ್ ಸಾ: ಬಿಸಿಯಾದರೆ ಹತ್ತೋದಿಲ್ಲ, ಪಿಸ್ಟನ್ ಮೇಲೆ ಗೀರು. ಏನು ಬದಲಿಸಬೇಕು?

ಹೊಳೆಬದಿ_ತೋಟ

ಮಷೀನು ಸ್ಟಿಲ್ ಎಂಎಸ್ 180, 16 ಇಂಚಿನ ಬಾರ್. ಬಿಲ್ ಇಲ್ಲ. ಮರಗಸಿಗೆ ಮಾತ್ರ ಬಳಸಿದ್ದು ಅಂತ ಹೇಳಿ ಕೊಟ್ಟಿದ್ದು.

ಲಕ್ಷಣ: ತಣ್ಣಗಿದ್ದಾಗ ಐದಾರು ಎಳೆತಕ್ಕೆ ಸ್ಟಾರ್ಟ್. ಹದಿನೈದು ನಿಮಿಷ ಸಿಲ್ವರ್ ಓಕ್ ಕೊಂಬೆ ಕೊಯ್ದರೆ ಪವರ್ ಇಳಿಯುತ್ತೆ. ಆಗ ಆಫ್ ಮಾಡಿದರೆ ಅರ್ಧ ಗಂಟೆ ಆರುವವರೆಗೆ ಎಷ್ಟು ಎಳೆದರೂ ಹತ್ತೋದಿಲ್ಲ. ಸ್ಲೋ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ಒಂದೇ ಸಮ ನಿಲ್ಲೋದಿಲ್ಲ, ತಾನಾಗೇ ಏರುತ್ತೆ, ಮತ್ತೆ ಕುಸಿಯುತ್ತೆ. ಪ್ಲಗ್ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಕಾರಿನ ಕಂಪ್ರೆಷನ್ ಗೇಜ್‌ನಲ್ಲಿ 95 ಪಿಎಸ್‌ಐ.

ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ ಮೈಯಲ್ಲಿ ಬೆರಳಗಲ ಜಾಗದಲ್ಲಿ ಉದ್ದುದ್ದ ಗೀರು ಕಾಣುತ್ತೆ. ಅಲ್ಲೇ ರಿಂಗಿನ ಅಂಚು ಪಿಸ್ಟನ್ನಿಗೆ ಮೆತ್ತಿಕೊಂಡ ಹಾಗಿದೆ. ಪಿಸ್ಟನ್ ಮಾತ್ರ ಹಾಕಿದರೆ ಸಾಕಾ, ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರ್) ಸೇರಿ ಬದಲಿಸಬೇಕಾ?

ಕೊಪ್ಪ_ಟೂಸ್ಟ್ರೋಕ್

ಎರಡೂ ಆಮೇಲಿನ ಮಾತು ಸರ್. ಸೀಜ್ ಆಗಿದ್ದು, ಅಂದರೆ ಪಿಸ್ಟನ್ ಬೋರಿಗೆ ಉಜ್ಜಿ ಕಚ್ಚಿಕೊಂಡಿದ್ದು, ಯಾಕೆ ಅಂತ ಗೊತ್ತಾಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಎರಡು ಟ್ಯಾಂಕ್ ಪೆಟ್ರೋಲ್ ಮುಗಿಯೋದರೊಳಗೆ ಇದೇ ಗತಿಗೆ ಬರುತ್ತೆ. ಕಾರಣ ಇನ್ನೂ ಮಷೀನಿನೊಳಗೇ ಕೂತಿದೆ.

ಗೀರು ಎಲ್ಲಿದೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದು ಕಾರ್ಬೊರೇಟರ್ ಕಡೆ ಪಿಸ್ಟನ್ ನುಣ್ಣಗಿದ್ದರೆ ಅದು ಬಹುಪಾಲು ಲೀನ್ ಸೀಜ್. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಎಕ್ಸಾಸ್ಟ್ ಬದಿ ಮೊದಲೇ ಹೆಚ್ಚು ಬಿಸಿ, ಮಿಶ್ರಣ ತೆಳುವಾದಾಗ ಪಿಸ್ಟನ್ ಅಲ್ಲೇ ಮೊದಲು ಉಬ್ಬಿ ಬೋರಿಗೆ ಉಜ್ಜುತ್ತೆ.

ಆಯಿಲ್ ಹಾಕದ ಬರೀ ಪೆಟ್ರೋಲಲ್ಲಿ ಓಡಿಸಿದ್ದರೆ ಗೀರು ಸುತ್ತಲೂ ಇರುತ್ತೆ, ಪಿಸ್ಟನ್ ಒಣಗಿ ಮಂಕಾಗಿರುತ್ತೆ, ಕೆಳಗಿನ ಬೇರಿಂಗ್ ಕೂಡ ಒಣಗಿ ನೀಲಿಗಟ್ಟಿರಬಹುದು. ನಾಲ್ಕು ಮೂಲೆಯಲ್ಲಿ ನಾಲ್ಕು ಪಟ್ಟಿ ಗೀರಿದ್ದರೆ ಮಷೀನು ಬೆಚ್ಚಗಾಗುವ ಮೊದಲೇ ಫುಲ್ ರೇಸ್ ಕೊಟ್ಟಿದ್ದಾರೆ: ಪಿಸ್ಟನ್ ಬೇಗ ಹಿಗ್ಗುತ್ತೆ, ಸಿಲಿಂಡರ್ ನಿಧಾನವಾಗಿ. ಕಾರ್ಬೊರೇಟರ್ ಕಡೆ ಬೂದು ಬಣ್ಣಕ್ಕೆ ಸವೆದು, ಕೆಳಗಿನ ಅಂಚು ಬ್ಲೇಡಿನಷ್ಟು ತೆಳುವಾಗಿದ್ದರೆ ಅದು ಧೂಳಿನ ಕೆಲಸ, ಏರ್ ಫಿಲ್ಟರ್ ಹರಿದಿತ್ತು ಅಥವಾ ಸರಿಯಾಗಿ ಕೂತಿರಲಿಲ್ಲ. ಪಿಸ್ಟನ್ ತಲೆಯ ಮೇಲೆ ಚುಕ್ಕಿಚುಕ್ಕಿ ಗುಳಿ ಕಂಡರೆ ಬೇರಿಂಗಿನ ಚೂರೋ ಪಿನ್ ಲಾಕಿನ ಚೂರೋ ಒಳಗೆ ಕುಣಿದಿದೆ. ಆ ಮಷೀನಿಗೆ ದುಡ್ಡು ಹಾಕಬೇಡಿ.

ಸೈಲೆನ್ಸರ್ ತೂತಿಂದ ಒಂದೇ ಬದಿ ಕಾಣೋದು. ಕಾರ್ಬೊರೇಟರ್ ತೆಗೆದು ಆ ಕಡೆಯೂ ನೋಡಿ ಹೇಳಿ.

ಸ್ಪ್ಯಾನರ್_13

95 ಅನ್ನೋ ಲೆಕ್ಕ ನಂಬಬೇಡಿ. ಕಾರಿನ ಗೇಜ್‌ನ ಪೈಪ್ ಉದ್ದ, ಅದರ ಒಳಗಿನ ಜಾಗವೇ 32 ಸಿಸಿ ಎಂಜಿನ್ನಿಗೆ ದೊಡ್ಡದು. ಗಾಳಿ ತಡೆಯೋ ವಾಲ್ವ್ ಪ್ಲಗ್ ತಿರುಪಿನ ತುದಿಯಲ್ಲೇ ಇರೋ ಗೇಜ್ ಬೇಕು. ಬೈಕಿನವರ ಹತ್ತಿರ ಕೆಲವರಲ್ಲಿ ಸಿಗುತ್ತೆ.

ಅಳೆಯುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಏರೋದು ನಿಲ್ಲುವವರೆಗೆ ಎಳೀರಿ, ಆರೇಳು ಸಲ. ಆರೋಗ್ಯದ ಮಷೀನು 130ರಿಂದ 160 ತೋರಿಸುತ್ತೆ. 110ರ ಕೆಳಗೆ ಬಂದರೆ ನೀವು ಹೇಳಿದ ಹಾಗೇ: ತಣ್ಣಗಿದ್ದಾಗ ಹತ್ತುತ್ತೆ, ಬಿಸಿಯಾದಾಗ ಸತಾಯಿಸುತ್ತೆ. 90ರ ಕೆಳಗೆ ಸ್ಟಾರ್ಟ್ ಆಗೋದೇ ಕಷ್ಟ.

ಆಮೇಲೆ ಪ್ಲಗ್ ತೂತಿಗೆ ಟೂ-ಟಿ ಆಯಿಲ್ ನಾಲ್ಕೇ ಹನಿ ಬಿಟ್ಟು, ಎರಡು ಸಲ ನಿಧಾನ ಎಳೆದು ಮತ್ತೆ ಅಳೀರಿ. ಒಮ್ಮೆಗೇ 20-30 ಏರಿದರೆ ರಿಂಗು, ಬೋರಿನ ನಡುವೆ ಸೋರುತ್ತಿದೆ. ಮಾರುವವರಲ್ಲಿ ಕೆಲವರು ಮಾಡೋ ಉಪಾಯವೂ ಇದೇ: ಗಿರಾಕಿ ಬರುವ ಮೊದಲು ಬೋರಿಗೆ ದಪ್ಪ ಆಯಿಲ್ ಬಿಟ್ಟಿರುತ್ತಾರೆ. ಹಗ್ಗ ಗಟ್ಟಿಯಾಗಿ ಬರುತ್ತೆ, ಹತ್ತಿದ ಕೂಡಲೇ ಒಂದು ನಿಮಿಷ ಹೊಗೆಯೋ ಹೊಗೆ, ಆಮೇಲೆ ಎಲ್ಲ ಮೊದಲಿನ ಹಾಗೆ.

ಸಕಲೇಶಪುರ_ಗ್ಯಾರೇಜ್

ಇಷ್ಟೆಲ್ಲ ಯಾಕೆ ಮಾರಾಯ್ರೆ. ಬೋರಿಗೆ ಎಮರಿ ಪೇಪರ್ ಹೊಡೆದು, ಹೊಸ ಪಿಸ್ಟನ್ ಕಿಟ್ ಹಾಕಿ, ಇನ್ಮೇಲೆ ಲೀಟರಿಗೆ 40 ಎಂಎಲ್ ಆಯಿಲ್ ಹಾಕ್ಕೊಂಡು ಹೋಗಿ. ಆಯಿಲ್ ಜಾಸ್ತಿ ಇದ್ರೆ ಸೀಜ್ ಆಗಲ್ಲ.

ಕೊಪ್ಪ_ಟೂಸ್ಟ್ರೋಕ್

ಅಣ್ಣಾ, ಇದೊಂದು ಮಾತು ಒಪ್ಪಲ್ಲ. ಆಯಿಲ್ ಕೊರತೆಯಿಂದ ಸೀಜ್ ಆಗಿದ್ದರೆ ನಿಮ್ಮ ಮಾತು ಸರಿ. ಗಾಳಿ ಸೋರಿಕೆಯಿಂದ ಆಗಿದ್ದರೆ ಆಯಿಲ್ ಏರಿಸಿ ಏನೂ ಬರೋದಿಲ್ಲ. ಕಾರ್ಬೊರೇಟರಿನ ಜೆಟ್ಟಿನಲ್ಲಿ (ಪೆಟ್ರೋಲ್ ಬರೋ ಸಣ್ಣ ತೂತು) ಹಾದು ಹೋಗೋ ದ್ರವ ಅಷ್ಟೇ. ಅದರಲ್ಲಿ ಆಯಿಲ್ 20 ಎಂಎಲ್ ಹೆಚ್ಚಾದರೆ ಉರಿಯೋ ಪೆಟ್ರೋಲ್ ಅಷ್ಟೇ ಕಡಿಮೆ, ಮಿಶ್ರಣ ಇನ್ನೂ ಚೂರು ತೆಳು. ಜೊತೆಗೆ ಎಕ್ಸಾಸ್ಟ್ ತೂತಲ್ಲಿ, ಸೈಲೆನ್ಸರ್ ಜಾಲರಿಯಲ್ಲಿ ಮಸಿ.

ಅಳತೆ ಯಾವ ಆಯಿಲ್ ಅನ್ನೋದರ ಮೇಲೆ. ಸ್ಟಿಲ್‌ನ ಸ್ವಂತ ಟೂ-ಸ್ಟ್ರೋಕ್ ಆಯಿಲ್ ಆದರೆ 50ಕ್ಕೆ 1, ಲೀಟರಿಗೆ 20 ಎಂಎಲ್. ಬೇರೆ ಟೂ-ಸ್ಟ್ರೋಕ್ ಆಯಿಲ್ ಆದರೆ ಅವರ ಕೈಪಿಡಿಯೇ 25ಕ್ಕೆ 1 ಅನ್ನುತ್ತೆ, ಲೀಟರಿಗೆ 40. ದೋಣಿ ಎಂಜಿನ್ನಿನ ಆಯಿಲ್ ಬೇಡ, ಅದು ನೀರಿನಲ್ಲಿ ತಂಪಾಗುವ ಎಂಜಿನ್ನಿಗೆ ಮಾಡಿದ್ದು. ಬಾಟಲಿ ಮುಚ್ಚಳದಲ್ಲಿ ಅಂದಾಜು ಮಾಡೋ ಬದಲು ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜ್ ಇಟ್ಟುಕೊಂಡರೆ ಜಗಳವೇ ಇಲ್ಲ.

ಹೊಳೆಬದಿ_ತೋಟ

ಸರಿಯಾದ ಗೇಜ್ ಸಿಕ್ಕಿತು. 108. ಆಯಿಲ್ ಹನಿ ಬಿಟ್ಟ ಮೇಲೆ 138.

ಕಾರ್ಬೊರೇಟರ್ ಕಡೆ ಪಿಸ್ಟನ್ ನುಣ್ಣಗಿದೆ, ಕಂಪನಿಯ ಮೆಷಿನಿಂಗ್ ಗೆರೆಗಳು ಇನ್ನೂ ಕಾಣುತ್ತವೆ. ಗೀರು ಸೈಲೆನ್ಸರ್ ಬದಿಯಲ್ಲಿ ಮಾತ್ರ. ತಲೆಯ ಮೇಲೆ ಗುಳಿ ಇಲ್ಲ. ಏರ್ ಫಿಲ್ಟರ್ ಚೆನ್ನಾಗಿದೆ. ಮ್ಯಾಗ್ನೆಟ್ (ಫ್ಲೈವೀಲ್) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಇಲ್ಲ, ತಿರುಗಿಸಿದರೆ ಗರಗರ ಸದ್ದಿಲ್ಲ.

ಕೊಪ್ಪ_ಟೂಸ್ಟ್ರೋಕ್

ಹಾಗಾದರೆ ಲೀನ್ ಸೀಜ್, ಬೇರಿಂಗ್ ಬದುಕಿದೆ. ಉಳಿಸಬಹುದಾದ ಮಷೀನು.

ಈಗ ಗಾಳಿ ಎಲ್ಲಿಂದ ನುಗ್ಗುತ್ತಿದೆ, ಇಲ್ಲವೇ ಪೆಟ್ರೋಲ್ ಎಲ್ಲಿ ನಿಲ್ಲುತ್ತಿದೆ ಅಂತ ಹುಡುಕೋದು. ಸ್ಲೋ ತಾನಾಗೇ ಏರುತ್ತೆ ಅಂದಿರಲ್ಲ, ಅದು ಗಾಳಿ ಕಡೆಗೇ ಬೆರಳು ತೋರಿಸುತ್ತೆ. ಟ್ಯಾಂಕಿನೊಳಗಿನ ಪೈಪ್ ಸೀಳಿದರೂ, ಫಿಲ್ಟರ್ ಕಟ್ಟಿದರೂ, ಟ್ಯಾಂಕಿಗೆ ಗಾಳಿ ಬಿಡೋ ವೆಂಟ್ ಮುಚ್ಚಿದರೂ, ಕಾರ್ಬೊರೇಟರಿನ ಡಯಾಫ್ರಮ್ ಹಳೆಯ ಚರ್ಮದ ಹಾಗೆ ಬಿರುಸಾದರೂ ಮಿಶ್ರಣ ತೆಳುವಾಗುತ್ತೆ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಮಷೀನು ಫುಲ್ ರೇಸಲ್ಲಿ ಸೊರಗಿ ಸಾಯುತ್ತೆ, ಸ್ಲೋನಲ್ಲಿ ಓಡಿಹೋಗೋದು ಕಡಿಮೆ.

ವೆಂಟ್ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಸೊರಗಿದಾಗ ಪೆಟ್ರೋಲ್ ಮುಚ್ಚಳ ಸಡಿಲಿಸಿ, ಒಳಗೆ ಗಾಳಿ ಎಳೆದ ಸದ್ದಾಗಿ ಮಷೀನು ಚೇತರಿಸಿಕೊಂಡರೆ ವೆಂಟೇ ಕಳ್ಳ. ಗಾಳಿ ಸೋರಿಕೆಗೆ: ಸ್ಲೋನಲ್ಲಿ ಓಡುವಾಗ ಮಷೀನನ್ನು ಎಡಕ್ಕೆ, ಬಲಕ್ಕೆ, ಮೂಗು ಕೆಳಗೆ ಮಾಡಿ ಹಿಡೀರಿ, ಚೈನ್ ಬ್ರೇಕ್ ಹಾಕಿರಲಿ. ಒಂದು ಭಂಗಿಯಲ್ಲಿ ಮಾತ್ರ ರೇಸ್ ಏರಿದರೆ ಕ್ರ್ಯಾಂಕ್ ಶಾಫ್ಟಿನ ಆಯಿಲ್ ಸೀಲ್ ಅಥವಾ ಇನ್‌ಟೇಕ್ ಬೂಟ್ (ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಕೊಳವೆ) ಮೇಲೆ ಅನುಮಾನ ಗಟ್ಟಿ.

ಖಚಿತ ಮಾಡಿಕೊಳ್ಳೋಕೆ ಪ್ರೆಷರ್-ವ್ಯಾಕ್ಯೂಮ್ ಪರೀಕ್ಷೆ ಒಂದೇ ದಾರಿ.

ಹಾಲವಾಣ

ಆ ಪರೀಕ್ಷೆಗೆ ಬೈಕಿನ ಬ್ರೇಕ್ ಬ್ಲೀಡ್ ಮಾಡೋ ಕೈಪಂಪು ಬರುತ್ತೆ, ಒತ್ತೋದು ಎಳೆಯೋದು ಎರಡೂ ಇರೋದು ತಗೊಳ್ಳಿ.

ಮೊದಲು ಎಕ್ಸಾಸ್ಟ್ ಮುಚ್ಚಿ. ಹಳೇ ಟ್ಯೂಬಿನ ರಬ್ಬರ್ ತುಂಡು ಇಟ್ಟು ಅದರ ಮೇಲೆ ಸೈಲೆನ್ಸರ್ ಬಿಗಿದರೆ ಆಯ್ತು. ಇನ್‌ಟೇಕ್ ಬೂಟಿನ ಬಾಯಿಯನ್ನೂ, ಕಾರ್ಬೊರೇಟರ್ ಕೂರೋ ಕಡೆ, ಅದೇ ರಬ್ಬರಿಂದ ಮುಚ್ಚಿ. ಪ್ಲಗ್ ಬಿಗಿಯಾಗಿರಲಿ. ಪಂಪಿನ ಪೈಪ್ ಇಂಪಲ್ಸ್ ದಾರಿಗೆ, ಅಂದರೆ ಕ್ರ್ಯಾಂಕ್ ಕೋಣೆಯಿಂದ (ಪಿಸ್ಟನ್ ಕೆಳಗಿನ ಜಾಗ) ಕಾರ್ಬೊರೇಟರಿಗೆ ಹೋಗೋ ಸಣ್ಣ ಗಾಳಿದಾರಿಗೆ. ಅದು ಕೈಗೆ ಸಿಗದ ಮಷೀನಿನಲ್ಲಿ ಬೂಟಿಗೆ ಬರೀ ರಬ್ಬರಿನ ಬದಲು ತಗಡು ಮುಚ್ಚಿ, ಅದಕ್ಕೇ ಒಂದು ನಿಪ್ಪಲ್ ಕೂರಿಸಿ.

ಪಿಸ್ಟನ್ ಮೇಲ್ತುದಿಗೆ ತನ್ನಿ. ಇದನ್ನು ಮರೆಯೋರೇ ಹೆಚ್ಚು. ಈ ಎಂಜಿನ್ನಲ್ಲಿ ಪಿಸ್ಟನ್ ಮೇಲಿದ್ದಾಗ ಮಾತ್ರ ಇನ್‌ಟೇಕ್ ತೂತು ಕ್ರ್ಯಾಂಕ್ ಕೋಣೆಗೆ ತೆರೆದಿರುತ್ತೆ. ಕೆಳಗಿದ್ದರೆ ಪಿಸ್ಟನ್ ಮೈ ಅದನ್ನು ಮುಚ್ಚಿಬಿಡುತ್ತೆ, ಬೂಟ್ ಹರಿದಿದ್ದರೂ ಪರೀಕ್ಷೆಯಲ್ಲಿ ಪಾಸ್.

0.5 ಬಾರ್ ಒತ್ತಡ ಕೊಡಿ. 20 ಸೆಕೆಂಡ್ ಮುಳ್ಳು ಕದಲಬಾರದು. ಕದಲಿದರೆ ಸೋಪು ನೀರು ಬಳಿದು ಗುಳ್ಳೆ ಹುಡುಕಿ. ಬಕೆಟ್ ನೀರಲ್ಲಿ ಅದ್ದೋದು ಇನ್ನೂ ಸುಲಭ, ಆದರೆ ಎಂಜಿನ್ ಹೊರಗೆ ತೆಗೆದಿದ್ದರೆ ಮಾತ್ರ, ಕಿಡಿ ಕೊಡೋ ಕಾಯಿಲ್ ಬಿಚ್ಚಿಟ್ಟು. ಸೈಕಲ್ ಪಂಪಲ್ಲಿ ಒಂದೆರಡು ಬಾರ್ ತುಂಬಿ ಸೀಲ್ ಹೊರಕ್ಕೆ ತಳ್ಳಬೇಡಿ.

ಆಮೇಲೆ 0.5 ಬಾರ್ ವ್ಯಾಕ್ಯೂಮ್. 20 ಸೆಕೆಂಡಿನಲ್ಲಿ 0.3ಕ್ಕಿಂತ ಕೆಳಗೆ ಇಳಿಯಬಾರದು. ಒತ್ತಡದಲ್ಲಿ ಪಾಸಾಗಿ ವ್ಯಾಕ್ಯೂಮಿನಲ್ಲಿ ಫೇಲ್ ಆದರೆ ಕ್ರ್ಯಾಂಕಿನ ಆಯಿಲ್ ಸೀಲ್. ಸೀಲಿನ ತುಟಿ ಒಳಮುಖ ಇರುತ್ತೆ: ಒಳಗಿನ ಒತ್ತಡ ಅದನ್ನು ಶಾಫ್ಟಿಗೆ ಅದುಮಿ ಹಿಡಿಯುತ್ತೆ, ವ್ಯಾಕ್ಯೂಮ್ ಅದೇ ತುಟಿಯನ್ನು ಎತ್ತಿಬಿಡುತ್ತೆ. ಯಾವ ಬದಿಯ ಸೀಲ್ ಅಂತ ತಿಳಿಯೋಕೆ ಶಾಫ್ಟ್ ಸುತ್ತ ಒಂದೊಂದು ಹನಿ ಆಯಿಲ್ ಬಿಡಿ, ಸೋರೋ ಕಡೆ ಹನಿ ಒಳಗೆ ಎಳೆದುಕೊಳ್ಳುತ್ತೆ.

ಗೇರುಬೀಜ_ಪುತ್ತೂರು

ನಡುವೆ ಬಾಯಿ ಹಾಕ್ತೇನೆ. ಬಿಸಿಯಾದಾಗ ಹತ್ತದಿರೋದು ಕಾಯಿಲ್ ಕೆಟ್ಟರೂ ಆಗ್ತದಲ್ಲ?

ಸ್ಪ್ಯಾನರ್_13

ಆಗುತ್ತೆ. ಬಿಸಿಯಲ್ಲೇ ಪ್ಲಗ್ ಬಿಚ್ಚಿ, ತಿರುಪು ಭಾಗ ಸಿಲಿಂಡರಿಗೆ ತಾಗಿಸಿ ಎಳೆದು ನೋಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಹಬೆ ಬರುತ್ತೆ, ಪ್ಲಗ್ಗನ್ನು ಅಲ್ಲಿಂದ ದೂರ ಇಟ್ಟುಕೊಂಡೇ ಈ ಪರೀಕ್ಷೆ. ನೀಲಿ ಕಿಡಿ ಬಂದರೆ ಕಾಯಿಲ್ ಸರಿ. ಬಿಸಿಯಲ್ಲಿ ಕಿಡಿ ಇಲ್ಲದೆ ಆರಿದ ಮೇಲೆ ಬಂದರೆ ಕಾಯಿಲ್. ಪ್ಲಗ್ ಗ್ಯಾಪ್ 0.5 ಮಿ.ಮೀ., ಕಾಯಿಲ್‌ಗೂ ಮ್ಯಾಗ್ನೆಟ್ಟಿಗೂ ನಡುವೆ 0.2 ಮಿ.ಮೀ. ಆಸುಪಾಸು, ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ ಸರಿ ಹೋಗುತ್ತೆ. ಇಲ್ಲಿ ಮಾತ್ರ 108 ಅನ್ನೋ ಕಂಪ್ರೆಷನ್ ಎದುರಿಗೇ ಇದೆ, ಕಾಯಿಲ್ ಆಮೇಲೆ.

ಬ್ಯಾರಲ್_ಮೇಷ್ಟ್ರು

ಪೆಟ್ರೋಲ್ ಬಗ್ಗೆ ಯಾರೂ ಎತ್ತಲಿಲ್ಲ. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ನೂರರಲ್ಲಿ 20 ಪಾಲು ಎಥೆನಾಲ್. ಶುದ್ಧ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಎಥೆನಾಲಿನಲ್ಲೇ ಆಮ್ಲಜನಕ ಇದೆ, ಅದಕ್ಕೆ. ಹಳೇ ಪೆಟ್ರೋಲಿಗೆ ಸೆಟ್ ಮಾಡಿಟ್ಟ ಕಾರ್ಬೊರೇಟರಿನಲ್ಲಿ ಇ20 ಹಾಕಿದರೆ ಸ್ಕ್ರೂ ಮುಟ್ಟದೆಯೇ ಮಿಶ್ರಣ ನೂರಕ್ಕೆ ಎಂಟು ಪಾಲು ತೆಳು. ಗಾಳಿ ಸೋರಿಕೆಯೂ ಸೇರಿಕೊಂಡರೆ ಕೇಳೋದೇ ಬೇಡ. ಸ್ಕ್ರೂನಲ್ಲಿ ಸೆಟ್ ಮಾಡೋ ಕಾರ್ಬೊರೇಟರ್ ಇರೋ ಮಾದರಿಗೆ ಸ್ಟಿಲ್ ಕೈಪಿಡಿ ಎಥೆನಾಲ್ 10 ದಾಟಿದರೆ ಓಟದಲ್ಲಿ ತೊಂದರೆ ಬರಬಹುದು ಅಂತಲೇ ಎಚ್ಚರಿಸುತ್ತೆ.

ಇನ್ನೊಂದು, ಮಳೆಗಾಲದ್ದು. ಎಥೆನಾಲ್ ಗಾಳಿಯ ತೇವ ಕುಡಿಯುತ್ತೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಕ್ಯಾನಿನ ತಳಕ್ಕೆ ಇಳಿಯುತ್ತೆ, ಆಯಿಲ್ ಮೇಲಿನ ಪೆಟ್ರೋಲಲ್ಲೇ ಉಳಿಯುತ್ತೆ. ಟ್ಯಾಂಕಿನ ಫಿಲ್ಟರ್ ಬಿದ್ದಿರೋದು ತಳದಲ್ಲಿ. ಅಂದರೆ ಎಂಜಿನ್ ಕುಡಿಯೋದು ಆಯಿಲ್ ಇಲ್ಲದ ನೀರು ಕಲೆತ ಮದ್ಯ. ಜೂನ್‌ನಲ್ಲಿ ಕಲಸಿಟ್ಟಿದ್ದನ್ನು ಸೆಪ್ಟೆಂಬರ್‌ನಲ್ಲಿ ಹಾಕಿದರೆ ‘ಆಯಿಲ್ ಹಾಕಿದ್ದೆ ಸರ್, ಆದರೂ ಸೀಜ್ ಆಯ್ತು’ ಅನ್ನೋದು ಇದಕ್ಕೇ. ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಟ್ಟು ನೋಡಿ, ಎರಡು ಪದರ ಕಂಡರೆ ಚೆಲ್ಲಿ. ಒಂದು ತಿಂಗಳಿಗೆ ಬೇಕಾದಷ್ಟೇ ಕಲಸಿ, ಮಷೀನು ಎತ್ತಿಡುವ ಮೊದಲು ಟ್ಯಾಂಕ್ ಬರಿದು ಮಾಡಿ ಸಾಯುವವರೆಗೆ ಓಡಿಸಿ.

ಹೊಳೆಬದಿ_ತೋಟ

ಫಲಿತಾಂಶ. ಪಿಸ್ಟನ್ ಕೆಳಗಿದ್ದಾಗ ಒತ್ತಡ 20 ಸೆಕೆಂಡ್ ನಿಂತಿತು. ಪಿಸ್ಟನ್ ಮೇಲೆ ತಂದ ಮೇಲೆ 0.5ರಿಂದ 0.1ಕ್ಕೆ ಎಂಟು ಸೆಕೆಂಡಿನಲ್ಲಿ ಇಳಿಯಿತು. ಸೋಪು ನೀರಿನ ಗುಳ್ಳೆ ಇನ್‌ಟೇಕ್ ಬೂಟಿನ ಕೆಳ ಮಡಿಕೆಯಲ್ಲಿ. ಹೊರಗಿಂದ ನೋಡಿದರೆ ಏನೂ ಇಲ್ಲ, ಬೆರಳಲ್ಲಿ ಹಿಗ್ಗಿಸಿದರೆ ಉಗುರು ಕತ್ತರಿಸಿದಷ್ಟು ಉದ್ದದ ಸೀಳು ಬಾಯಿ ತೆರೆಯುತ್ತೆ. ಪಿಸ್ಟನ್ ಕೆಳಗಿಟ್ಟು, ಹರಿದ ಬೂಟನ್ನು ಲೆಕ್ಕದಿಂದ ಬಿಟ್ಟು ನೋಡಿದರೆ ವ್ಯಾಕ್ಯೂಮ್‌ನಲ್ಲಿ ಸೀಲ್ ಎರಡೂ ಸರಿ.

ಹಾಲವಾಣ

ಅಲ್ಲಿಗೆ ಆಯ್ತು ನೋಡಿ. ಮಷೀನು ಕಂಪಿಸುವಾಗ ಸೀಳು ತೆರೆದು ಮುಚ್ಚುತ್ತೆ, ಅದಕ್ಕೇ ಸ್ಲೋ ಒಮ್ಮೆ ಏರಿ ಒಮ್ಮೆ ಕುಸಿದಿದ್ದು. ಬೂಟಿಗೆ ಗಮ್ ಹಚ್ಚೋ ಯೋಚನೆ ಬಿಡಿ, ಹೊಸದು ತನ್ನಿ. ಪೆಟ್ರೋಲ್ ಪೈಪ್, ಟ್ಯಾಂಕ್ ಫಿಲ್ಟರ್, ಡಯಾಫ್ರಮ್ ಕಿಟ್ ಕೂಡ ಜೊತೆಗೇ. ಒಂದೇ ವಯಸ್ಸಿನ ರಬ್ಬರು, ಒಂದು ಹೋಯಿತು ಅಂದರೆ ಉಳಿದವೂ ಸರದಿಯಲ್ಲಿವೆ.

ಸ್ಪ್ಯಾನರ್_13

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಬೋರ್ ಉಳಿಯುತ್ತಾ ಅನ್ನೋದು ತೊಳೆದ ಮೇಲಷ್ಟೇ ಗೊತ್ತಾಗೋದು. ಬೋರಿನಲ್ಲಿ ಕಾಣೋ ಗೀರು ಬಹಳ ಸಲ ಗೀರೇ ಅಲ್ಲ, ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಬೋರಿಗೆ ಮೆತ್ತಿಕೊಂಡಿದ್ದು. ಬೋರಿನ ಒಳಪದರ ನಿಕಲ್‌ನದ್ದೋ ಕ್ರೋಮ್‌ನದ್ದೋ ಆಗಿರುತ್ತೆ, ಅದು ಪಿಸ್ಟನ್ನಿಗಿಂತ ಬಹಳ ಗಟ್ಟಿ.

ಈ ಮಷೀನಿನಲ್ಲಿ ಎಂಜಿನ್ ಇಡಿಯಾಗಿ ಪ್ಲಾಸ್ಟಿಕ್ ಮೈಯಿಂದ ಹೊರಗೆ ಬರಬೇಕು. ಕ್ಲಚ್ ಎಡತಿರುಪು, ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಪಿಸ್ಟನ್ ಅಲುಗದ ಹಾಗೆ ಪ್ಲಗ್ ತೂತಿನಿಂದ ಒಂದು ಮಾರು ನೈಲಾನ್ ಹಗ್ಗ ತುರುಕಿ, ಅದರ ತುದಿ ಹೊರಗೇ ಇರಲಿ. ಸ್ಕ್ರೂಡ್ರೈವರ್ ತುರುಕಿದರೆ ಪಿಸ್ಟನ್ ತಲೆಗೆ ತೂತು ಬೀಳುತ್ತೆ.

ಸಿಲಿಂಡರ್ ಬೇರೆ ಆದ ಮೇಲೆ ಕಾಸ್ಟಿಕ್ ಸೋಡಾ 10 ಗ್ರಾಂ, ನೀರು 100 ಎಂಎಲ್. ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು, ಸಿಡಿಯುತ್ತೆ. ಕೈಗವಸು, ಕನ್ನಡಕ, ಬಯಲಲ್ಲೇ ಕೆಲಸ. ಕಿವಿಗೆ ಹಾಕೋ ಹತ್ತಿಕಡ್ಡಿಯಲ್ಲಿ ಅದ್ದಿ, ಬೆಳ್ಳಿ ಬಣ್ಣದ ಪಟ್ಟಿಯ ಮೇಲೆ ಮಾತ್ರ ಸವರಿ. ಅಲ್ಯುಮಿನಿಯಂ ಇರೋ ಕಡೆ ಸಣ್ಣ ಗುಳ್ಳೆ ಎದ್ದು ಕಪ್ಪು ನೊರೆ ಬರುತ್ತೆ. ಒರೆಸಿ, ಮತ್ತೆ ಸವರಿ. ಗುಳ್ಳೆ ನಿಂತರೆ ಮೆತ್ತಿದ್ದು ಮುಗಿಯಿತು ಅಂತ ಅರ್ಥ. ಎಕ್ಸಾಸ್ಟ್ ತೂತಿನ ಅಂಚಿಗೂ ಹೊರಮೈಗೂ ತಾಗದಿರಲಿ, ಅಲ್ಲಿ ಸಿಲಿಂಡರಿನ ಅಲ್ಯುಮಿನಿಯಮ್ಮೇ ಬರಿದಾಗಿರುತ್ತೆ, ಅದನ್ನೂ ತಿಂದುಬಿಡುತ್ತೆ. ಕೆಲವರು ಟಾಯ್ಲೆಟ್ ಆಸಿಡ್ ಹಚ್ಚುತ್ತಾರೆ. ಕ್ರೋಮ್ ಪದರ ಇದ್ದರೆ ಆಸಿಡ್ ಅದನ್ನೇ ಕರಗಿಸುತ್ತೆ, ಹಾಗಾಗಿ ಕಾಸ್ಟಿಕ್ಕೇ ಮೇಲು.

ಕೊನೆಗೆ ಧಾರಾಳ ನೀರಲ್ಲಿ ತೊಳೆದು, ಒಣಗಿಸಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್‌ನಲ್ಲಿ ಓರೆಗೆರೆ ಬೀಳುವ ಹಾಗೆ ಉಜ್ಜಿ, ಮತ್ತೆ ಸೋಪಿನಲ್ಲಿ ತೊಳೆದು ಕೂಡಲೇ ಆಯಿಲ್ ಸವರಿ. ಈಗ ಉಗುರು ಎಳೀರಿ. ಸಿಕ್ಕಿಕೊಳ್ಳದಿದ್ದರೆ ಬೋರ್ ಉಳಿಯಿತು, ಪಿಸ್ಟನ್ ಕಿಟ್ ಸಾಕು. ಸಿಕ್ಕಿಕೊಂಡರೆ, ಅಥವಾ ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ, ಪದರ ಹೋಗಿದೆ. ಸಿಲಿಂಡರ್ ಸೇರಿ ತಗೊಳ್ಳಿ.

ಸಕಲೇಶಪುರ_ಗ್ಯಾರೇಜ್

ಕಾಸ್ಟಿಕ್ ವಿಷಯ ಒಪ್ಪಿದೆ. ಎಮರಿಗಿಂತ ಒಳ್ಳೇದೇ. ಒಂದು ಸೇರಿಸ್ತೀನಿ, ಕಿಟ್ ತರೋವಾಗ ‘180ದು ಕೊಡಿ’ ಅಂತ ಕೇಳ್ಬೇಡಿ. 170ರ ಬೋರ್ 37 ಮಿ.ಮೀ., 180ರದ್ದು 38. ಪಿಸ್ಟನ್ ಪಿನ್ನಲ್ಲೂ 8 ಮಿ.ಮೀ., 10 ಮಿ.ಮೀ. ಎರಡು ಥರ ಬರುತ್ತೆ. ಹಳೇ ಪಿಸ್ಟನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ, ವರ್ನಿಯರ್ ಹಾಕಿ ತಗೊಳ್ಳಿ.

ಗೇರುಬೀಜ_ಪುತ್ತೂರು

ಆನ್‌ಲೈನಲ್ಲಿ 58 ಸಿಸಿ ಅಂತ ಬರೆದ ಹೆಸರಿಲ್ಲದ ಮಷೀನುಗಳಿಗೂ ಇದೇ ಕ್ರಮವಾ?

ಬ್ಯಾರಲ್_ಮೇಷ್ಟ್ರು

ಕ್ರಮ ಅದೇ, ಆದರೆ ಸ್ಟಿಕ್ಕರಿನ ಸಿಸಿ ನಂಬಿ ಪಾರ್ಟ್ ತರಿಸಬೇಡಿ. ಬೋರ್ ಮಿ.ಮೀ.ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಪಿಸ್ಟನ್ ಓಡಾಡೋ ದೂರದಿಂದ ಗುಣಿಸಿ, 0.785ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಎಂಎಸ್ 180ಕ್ಕೆ 38, 38, 28: 31.7 ಬರುತ್ತೆ, ಕಂಪನಿ ಹೇಳೋದು 31.8. ಸ್ಟಿಕ್ಕರಿನ 58 ನಿಜವೋ ಅಲ್ಲವೋ ಇದೇ ಲೆಕ್ಕದಲ್ಲಿ ಹೊರಬೀಳುತ್ತೆ.

ಹೊಳೆಬದಿ_ತೋಟ

ಬೋರ್ ತೊಳೆದಾಯ್ತು. ಗುಳ್ಳೆ ಮೂರನೇ ಸಲಕ್ಕೆ ನಿಂತಿತು. ಉಗುರು ಎಲ್ಲೂ ಸಿಕ್ಕೋದಿಲ್ಲ, ಎಕ್ಸಾಸ್ಟ್ ತೂತಿನ ಮೇಲೆ ಮಾತ್ರ ಮಂದ ನೆರಳಿನಂಥ ಕಲೆ. ಪಿಸ್ಟನ್ ಕಿಟ್, ಬೂಟ್, ಎರಡು ಸೀಲ್, ಪೈಪ್, ಫಿಲ್ಟರ್, ಡಯಾಫ್ರಮ್ ಬಂದಿವೆ. ಜೋಡಿಸುವಾಗ ಏನು ತಪ್ಪಬಾರದು?

ಕೊಪ್ಪ_ಟೂಸ್ಟ್ರೋಕ್

ಕಲೆ ಇದ್ದರೆ ಇರಲಿ.

ರಿಂಗನ್ನು ಮೊದಲು ಬರೀ ಬೋರಿಗೆ ಹಾಕಿ, ಪಿಸ್ಟನ್ ತಲೆಯಿಂದ ನೇರ ತಳ್ಳಿ, ಎರಡು ತುದಿಯ ನಡುವೆ ಫೀಲರ್ ಗೇಜ್ ಇಡಿ. 25 ಮಿ.ಮೀ. ಬೋರಿಗೆ 0.1 ಅನ್ನೋ ಲೆಕ್ಕದಲ್ಲಿ ಇಲ್ಲಿ 0.15 ಆಸುಪಾಸು ಬರಬೇಕು. ತುದಿಗಳು ತಾಗಿಕೊಂಡಿದ್ದರೆ ಬಿಸಿಗೆ ಹಿಗ್ಗಿ ಮತ್ತೆ ಸೀಜ್. ಪಿಸ್ಟನ್ ತಲೆಯ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ. ರಿಂಗ್ ಕೂರೋ ತೋಡಿನಲ್ಲಿ ಒಂದು ಪುಟ್ಟ ಮೊಳೆ ಇರುತ್ತೆ, ರಿಂಗಿನ ಬಾಯಿ ಅದರ ಎರಡೂ ಬದಿಗೆ ಕೂರಬೇಕು. ತಪ್ಪಿ ಕೂತರೆ ಸಿಲಿಂಡರ್ ಇಳಿಸುವಾಗಲೇ ರಿಂಗ್ ಮುರಿಯುತ್ತೆ. ಬಲ ಬಿಡಬೇಡಿ, ಎಲ್ಲೋ ಸಿಕ್ಕಿದೆ ಅನಿಸಿದರೆ ಎತ್ತಿ ನೋಡಿ.

ಪಿನ್ ಲಾಕ್ ಹಳೇದು ಹಾಕಬೇಡಿ. ಲಾಕಿನ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಪಿಸ್ಟನ್ ಮೇಲೆ ಕೆಳಗೆ ಬಡಿಯುವಾಗ ಪಕ್ಕಕ್ಕಿರೋ ಬಾಯಿ ಕುಗ್ಗಿ ಲಾಕ್ ಹಾರಿಬರುತ್ತೆ. ಕೂರಿಸುವಾಗ ಕ್ರ್ಯಾಂಕ್ ಕೋಣೆಗೆ ಬಟ್ಟೆ ತುಂಬಿ.

ಈ ಎಂಜಿನ್ನಲ್ಲಿ ಸಿಲಿಂಡರಿಗೂ ಕೆಳಗಿನ ತಟ್ಟೆಗೂ ನಡುವೆ ಗ್ಯಾಸ್ಕೆಟ್ ಇಲ್ಲ, ಸೀಲಂಟೇ ಗ್ಯಾಸ್ಕೆಟ್. ಪೆಟ್ರೋಲಿಗೆ ಕರಗದ್ದೇ ಬೇಕು. ಬಾತ್‌ರೂಮ್ ಸಿಲಿಕೋನ್ ವಾರದಲ್ಲಿ ಲೋಳೆಯಾಗಿ ಸೋರುತ್ತೆ. ಎರಡೂ ಮುಖ ಹಳೇ ಅಂಟು ಹೋಗುವ ಹಾಗೆ ಥಿನ್ನರಲ್ಲಿ ಒರೆಸಿ, ಪ್ಲಾಸ್ಟಿಕ್ ಚೂರಲ್ಲಿ ಕೆರೆಯಿರಿ, ಬ್ಲೇಡ್ ಬೇಡ. ದಾರದಷ್ಟು ತೆಳು ಎಳೆ ಸಾಕು. ದಪ್ಪ ಹಚ್ಚಿದರೆ ಒಳಕ್ಕೆ ಹಿಂಡಿ ಬೇರಿಂಗಿಗೆ ಹೋಗುತ್ತೆ. ಸೀಲುಗಳನ್ನು ಮೊದಲೇ ಶಾಫ್ಟಿಗೆ ಏರಿಸಿ, ತುಟಿಗೆ ಗ್ರೀಸ್ ಸವರಿ, ತಮ್ಮ ಜಾಗದಲ್ಲಿ ಓರೆಯಾಗದೆ ಕೂತಿವೆಯಾ ನೋಡಿ. ನಾಲ್ಕು ಬೋಲ್ಟು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಿದ ಮೇಲೆ ಮತ್ತೆ ಪ್ರೆಷರ್-ವ್ಯಾಕ್ಯೂಮ್. ಅದು ಪಾಸಾಗದೆ ಹಗ್ಗಕ್ಕೆ ಕೈ ಹಾಕಬೇಡಿ.

ಹಾಲವಾಣ

ನಾಳೆ ಇದೇ ಥರ ಮಷೀನು ಕೊಳ್ಳೋಕೆ ಹೋಗೋರಿಗೆ ನಾಲ್ಕು ಮಾತು. ಹೋದ ಕೂಡಲೇ ಸೈಲೆನ್ಸರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿಟ್ಟಿದ್ದಾರೆ, ತಣ್ಣಗಾದ ಮೇಲೆ ಬರ್ತೀನಿ ಅನ್ನಿ. ಹಗ್ಗದ ಹಿಡಿಯಲ್ಲಿ ಮಷೀನು ಎತ್ತಿ ಹಿಡಿದರೆ ತಡೆತಡೆದು ಇಳಿಯಬೇಕು, ಸರ್ರನೆ ಜಾರಿದರೆ ಕಂಪ್ರೆಷನ್ ಇಲ್ಲ. ಸ್ಪ್ರಿಂಗಿನ ಸುಲಭ ಸ್ಟಾರ್ಟರ್ ಇರೋ ಮಾದರಿಗೆ ಈ ಪರೀಕ್ಷೆ ಹೊಂದೋದಿಲ್ಲ. ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡೋಕೆ ಐದು ನಿಮಿಷ, ಒಂದು ಟಾರ್ಚ್. ಬಿಚ್ಚೋಕೆ ಬಿಡೋಲ್ಲ ಅಂದರೆ ಅಲ್ಲಿಂದಲೇ ವಾಪಸ್. ಬಿಚ್ಚಿದ ಗುರುತು ಇರೋ ಸ್ಕ್ರೂ ತಲೆಗಳನ್ನೂ ಗಮನಿಸಿ: ಕಾರ್ಬೊರೇಟರ್ ಸ್ಕ್ರೂ ಮಾತ್ರ ಸವೆದಿದ್ದರೆ ಯಾರೋ ಸ್ಲೋ ಸರಿಮಾಡಲು ತಿಣುಕಾಡಿ ಸೋತಿದ್ದಾರೆ. ಹತ್ತು ನಿಮಿಷ ಕೊಯ್ದು, ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿಸಿ. ಈ ಮಷೀನು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹೊಳೆಬದಿ_ತೋಟ

ಜೋಡಿಸಿದ್ದಾಯ್ತು. ಒತ್ತಡ 0.5 ಕದಲಲಿಲ್ಲ, ವ್ಯಾಕ್ಯೂಮ್ 20 ಸೆಕೆಂಡಿನಲ್ಲಿ 0.45. ಕಂಪ್ರೆಷನ್ 142. ಮೂರನೇ ಎಳೆತಕ್ಕೆ ಹತ್ತಿತು, ಸ್ಲೋ ನಿಂತಿದೆ. ಎಚ್ ಸ್ಕ್ರೂ ಎಲ್ಲಿಡಲಿ? ಇದರಲ್ಲಿ ಎಲ್ (ಸ್ಲೋಗೆ ಪೆಟ್ರೋಲ್ ಹೊಂದಿಸೋದು), ಎಚ್ (ಫುಲ್ ರೇಸಿಗೆ) ಎರಡೂ ಇವೆ.

ಕೊಪ್ಪ_ಟೂಸ್ಟ್ರೋಕ್

ಕೈಪಿಡಿಯ ಮೂಲ ಸೆಟ್ಟಿಂಗ್‌ನಿಂದ ಶುರು ಮಾಡಿ. ಹಳಬರು ಸೋರಿಕೆ ಇಟ್ಟುಕೊಂಡೇ ತಿರುಗಿಸಿದ್ದು ಈಗ ಲೆಕ್ಕಕ್ಕಿಲ್ಲ. ಬೆಚ್ಚಗಾದ ಮೇಲೆ ಮರಕ್ಕೆ ತಾಗಿಸದೆ ಎರಡು ಸೆಕೆಂಡ್ ಫುಲ್ ರೇಸ್. ತಡವರಿಸುವಂತೆ ಬುರ್ರಬುರ್ರ ಸದ್ದು ಬಂದು, ಮರಕ್ಕೆ ಇಟ್ಟ ಕೂಡಲೇ ಸದ್ದು ಶುದ್ಧವಾಗಬೇಕು. ಗಾಳಿಯಲ್ಲೇ ಕಿವಿಗೆ ಚುಚ್ಚುವ ಹಾಗೆ ಕೀರಲು ಬಂದರೆ ತೆಳು, ಸ್ಕ್ರೂ ಎಡಕ್ಕೆ, ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ. ಇ20 ಹಾಕುವುದಾದರೆ ಚೂರು ಎಡಕ್ಕೇ ಇರಲಿ.

ಮೊದಲ ಮೂರು ಟ್ಯಾಂಕ್ ಸೆಟ್ಟಿಂಗಿಗೆ ಬೇಕಾದ ಆ ಎರಡು ಸೆಕೆಂಡ್ ಬಿಟ್ಟರೆ ಬರೀ ಗಾಳಿಯಲ್ಲಿ ಫುಲ್ ರೇಸ್ ಬೇಡ. ದೊಡ್ಡ ಕೊಯ್ತ ಮುಗಿದ ಕೂಡಲೇ ಆಫ್ ಮಾಡದೆ ಅರ್ಧ ನಿಮಿಷ ಸ್ಲೋನಲ್ಲಿ ಬಿಡಿ, ಫ್ಯಾನು ಬೋರಿನ ಬಿಸಿ ಹೊರಗೆ ಹಾಕಲಿ. ಚೈನು ಮೊಂಡಾಗಿದ್ದರೆ ಅರ ಹಾಕಿ. ಹೊಟ್ಟು ಹಿಟ್ಟಿನ ಹಾಗೆ ಬೀಳ್ತಿದ್ದರೆ ನೀವು ಮಷೀನನ್ನು ಅದುಮುತ್ತಾ ಇದ್ದೀರಿ ಅಂತ.

ಹೊಳೆಬದಿ_ತೋಟ

ಎರಡನೇ ಟ್ಯಾಂಕ್ ಮುಗಿಯಿತು. ಎಚ್ ಎಂಟನೇ ಒಂದು ಸುತ್ತು ಎಡಕ್ಕೆ. ಪ್ಲಗ್ ತುದಿ ಕಾಫಿಪುಡಿ ಬಣ್ಣ. ಬಿಸಿಯಲ್ಲಿ ಒಂದೇ ಎಳೆತ.